ಹೀರೋ ಬದಲು ಹುಡುಗಿ ಬಂದರೆ ಆ್ಯಕ್ಷನ್ ಟ್ರೇಲರ್ ಹೊಸದಾಗುತ್ತದಾ?

ಪ್ರಶ್ನೆ: ನಾವು ಕಾರವಾರದ ಪದವಿ ವಿದ್ಯಾರ್ಥಿಗಳು. ಪ್ರಾಜೆಕ್ಟಿಗಾಗಿ ಒಂದೂವರೆ ನಿಮಿಷದ ಆ್ಯಕ್ಷನ್ ಸಿನಿಮಾ ಟ್ರೇಲರ್ ಮಾಡುತ್ತಿದ್ದೇವೆ. ಜಾನರ್‌ನ, ಅಂದರೆ ಆ ಬಗೆಯ ಸಿನಿಮಾಗಳ, ರೂಢಿಗಳನ್ನು ಬಳಸಬೇಕು, ಜೊತೆಗೆ ಪ್ರಶ್ನಿಸಲೂ ಬೇಕು ಎಂದಿದ್ದಾರೆ ಮೇಡಂ. ಅದಕ್ಕೆ ಹೀರೋ ಬದಲು ಮೀನುಗಾರರ ಮನೆಯ ಹುಡುಗಿಯನ್ನು ಇಟ್ಟುಕೊಂಡೆವು. ಸ್ಲೋ ಮೋಷನ್ ಎಂಟ್ರಿ, ಬೋಟ್ ಚೇಸ್, ಫೈಟ್ ಎಲ್ಲ ಇದೆ. ಆದರೂ ನೋಡಿದವರು ‘ಎಲ್ಲ ಸಿನಿಮಾದ ಹಾಗೇ ಇದೆ’ ಅಂತಾರೆ. ಅವನ್ನೆಲ್ಲ ತೆಗೆದರೆ ಆ್ಯಕ್ಷನ್ ಅಂತಲೇ ಅನಿಸುವುದಿಲ್ಲ. ಏನು ಮಾಡೋಣ ಸರ್?

ಉತ್ತರ: ನೋಡಿದವರು ಹೇಳಿದ್ದು ಸರಿ. ಹೀರೋ ಜಾಗಕ್ಕೆ ಹುಡುಗಿಯನ್ನು ತಂದಿರಿ, ಅವಳ ಕೈಲಿ ಹೀರೋ ಮಾಡುವುದನ್ನೇ ಮಾಡಿಸಿದಿರಿ. ಕೊನೆಗೆ ಗೆಲ್ಲುವುದು ಗುದ್ದೇ ಆದರೆ ಗುದ್ದಿದವರು ಯಾರಾದರೇನು?

ಅವಳು ಗೆಲ್ಲುವ ರೀತಿಯನ್ನು ಬದಲಾಯಿಸಿ. ಕಾಳಿ ನದಿ ಸಮುದ್ರ ಸೇರುವ ಜಾಗ ನಿಮ್ಮ ಕಣ್ಣೆದುರೇ ಇದೆ. ದಿನಕ್ಕೆ ಎರಡು ಸಲ ಅಲ್ಲಿ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಇನ್ನೂ ಕೆಳಗೆ ಹೋಗುತ್ತದೆ. ಮೀನುಗಾರರ ಮನೆಯ ಹುಡುಗಿಗೆ ಇದೆಲ್ಲ ಚಿಕ್ಕಂದಿನಿಂದ ಗೊತ್ತಿರುವ ಲೆಕ್ಕ. ಖಳನಿಗೆ ಗೊತ್ತಿಲ್ಲ. ಅವನ ದೊಡ್ಡ ಬೋಟ್ ಅಟ್ಟಿಸಿಕೊಂಡು ಬರಲಿ. ಅವಳ ಪಾತಿ ದೋಣಿ ಹಗುರ, ಮೊಣಕಾಲಷ್ಟು ನೀರಿದ್ದರೂ ದಾಟುತ್ತದೆ. ಅವನದ್ದು ಮರಳಿನಲ್ಲಿ ಕೂತುಬಿಡುತ್ತದೆ. ಫೈಟೇ ಇಲ್ಲ! ತೋಳಿನ ಬಲ ಇದ್ದವರೇ ಗೆಲ್ಲುತ್ತಾರೆ ಎಂಬ ಮಾತನ್ನು ಪ್ರಶ್ನಿಸುವುದು ಎಂದರೆ ಇದು.

ಹಾಗಂತ ಉಳಿದ ರೂಢಿಗಳಿಗೆ ಕೈ ಹಾಕಬೇಡಿ. ನಿಮ್ಮ ಜಿಲ್ಲೆಯಲ್ಲಿ ಯಕ್ಷಗಾನ ನೋಡದವರು ಕಡಿಮೆ ಅಲ್ವಾ? ಅದರಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷ ಒಮ್ಮೆಲೇ ಎದುರಿಗೆ ಬರುವುದಿಲ್ಲ. ತೆರೆಯ ಹಿಂದೆ ಕುಣಿತ, ಚಂಡೆಯ ಅಬ್ಬರ, ತೆರೆಯ ಮೇಲೆ ಇಷ್ಟೇ ಇಷ್ಟು ಕಿರೀಟ. ಮುಖ ಕಾಣುವ ಮೊದಲೇ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ. ಸಿನಿಮಾದ ಹೀರೋ ಎಂಟ್ರಿಯಲ್ಲಿ ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಮುಖ ಬರುವುದೂ ಇದೇ ಲೆಕ್ಕದಲ್ಲಿ. ರೂಢಿ ಇದ್ದರೆ ತಾನೇ ಜನ ಕಾಯುವುದು? ಕಾಯುವಂತೆ ಮಾಡದೆ ಸುಮ್ನೆ ಎಲ್ಲ ಮುರಿದರೆ, ಏನು ಮುರಿದಿರಿ ಅಂತಲೇ ಯಾರಿಗೂ ತಿಳಿಯುವುದಿಲ್ಲ.

ಹಾಗಾಗಿ ಮೊದಲ ಒಂದು ನಿಮಿಷ ಪಕ್ಕಾ ಆ್ಯಕ್ಷನ್ ಟ್ರೇಲರ್ ಆಗಿರಲಿ. ಶಾಂತವಾದ ಬಂದರು, ಬೆದರಿಕೆ, ಗಡಸು ದನಿಯ ಒಂದು ಮಾತು, ಕಪ್ಪು ಪರದೆಯ ಮೇಲೆ ಅಕ್ಷರ. ಶುರುವಿನಲ್ಲಿ ಒಂದೊಂದು ಶಾಟ್ ಮೂರ್ನಾಲ್ಕು ಸೆಕೆಂಡ್ ನಿಲ್ಲಲಿ. ಬರಬರುತ್ತಾ ಎರಡು, ಒಂದು. ನಿಮಿಷ ಮುಗಿಯುವ ಹೊತ್ತಿಗೆ ಅರ್ಧ ಸೆಕೆಂಡ್, ಅಂದರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 12 ಫ್ರೇಮ್. ಸಂಗೀತಕ್ಕೆ ಮೊದಲು ಬೋಟಿನ ಡೀಸೆಲ್ ಇಂಜಿನ್ ಸದ್ದನ್ನೇ ತಾಳವಾಗಿ ಬಳಸಿ ನೋಡಿ. ನನಗಂತೂ ಅದು ರೆಡಿಮೇಡ್ ಮ್ಯೂಸಿಕ್‌ಗಿಂತ ಎಷ್ಟೋ ಇಷ್ಟ.

ಈಗ ಎಲ್ಲರೂ ಗುದ್ದಿಗೆ ಕಾಯುತ್ತಿರುತ್ತಾರೆ. ಅಲ್ಲೇ ಕಟ್ ನಿಲ್ಲಿಸಿ. ಎಂಟು ಸೆಕೆಂಡಿನ ಒಂದೇ ಶಾಟ್: ಮರಳಿಗೆ ಸಿಕ್ಕ ಬೋಟ್, ಕೆಸರು ಎಬ್ಬಿಸಿ ಕೆಮ್ಮಿ ನಿಲ್ಲುವ ಇಂಜಿನ್, ಹಿಂದೆ ಹುಟ್ಟು ಹಾಕುತ್ತಾ ದೂರವಾಗುವ ಹುಡುಗಿ. ಕೂಡಲೇ ಟೈಟಲ್. ಇದು ಕಥೆಯ ಮೊದಲ ಮುಖಾಮುಖಿ ಆಗಿರಲಿ, ಕ್ಲೈಮ್ಯಾಕ್ಸ್ ಅನ್ನು ಟ್ರೇಲರ್‌ನಲ್ಲಿ ಬಿಟ್ಟುಕೊಡಬೇಡಿ. ಟೈಟಲ್ ಆದಮೇಲೆ ಖಳ ಮೊಣಕಾಲು ನೀರಿನಲ್ಲಿ ಇಳಿದು ನಡೆದು ಬರುವ ಎರಡು ಸೆಕೆಂಡ್ ಸಾಕು.

ಸ್ಲೋ ಮೋಷನ್ ಬಿಡಬೇಕಿಲ್ಲ. ಅವಳ ನಡಿಗೆಗೆ ಬೇಡ, ಗಳ ಇಳಿಸಿ ನೀರಿನ ಆಳ ನೋಡುವ ಕೈಗೆ ಇಡಿ. ಮೊಬೈಲಿನಲ್ಲಿ 120 ಫ್ರೇಮ್‌ಗೆ ಶೂಟ್ ಮಾಡಿ 24ಕ್ಕೆ ಓಡಿಸಿದರೆ ಐದು ಪಟ್ಟು ನಿಧಾನವಾಗುತ್ತದೆ. 24ರಲ್ಲೇ ತೆಗೆದು ಎಡಿಟಿಂಗ್‌ನಲ್ಲಿ ಎಳೆದರೆ ಜರ್ಕ್ ಹೊಡೆಯುತ್ತದೆ.

ಶೂಟಿಂಗಿಗಾಗಿ ಓಡುವ ಬೋಟನ್ನು ಮರಳಿಗೆ ಹತ್ತಿಸಬೇಡಿ, ಅದು ಇನ್ನೊಬ್ಬರ ಹೊಟ್ಟೆಪಾಡು. ಇಳಿತದ ಹೊತ್ತು ದಡದಲ್ಲಿ ತಾನಾಗಿ ಕೂತ ಬೋಟಿಗೆ ಮಾಲೀಕರನ್ನು ಕೇಳಿ ಕ್ಯಾಮೆರಾ ಇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೈತಖೋಲ್ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಶುರುವಿನ ಶಾಟಿಗೆ ಚೆನ್ನ. ನೀರಿನ ಮೇಲಿನ ದೃಶ್ಯ ಮಾತ್ರ ಮಳೆಗಾಲದಲ್ಲಿ ಬೇಡವೇ ಬೇಡ. ಸಮುದ್ರ ತಣ್ಣಗಿರುವಾಗ, ಲೈಫ್ ಜಾಕೆಟ್ ಹಾಕಿಕೊಂಡು, ಅನುಭವಿ ಮೀನುಗಾರರ ಜೊತೆ ಹೋಗಿ. ನೌಕಾನೆಲೆ ಇರುವ ಊರು, ಡ್ರೋನ್ ಆಸೆ ಬಿಡಿ. ಆಟಿಕೆ ಗನ್ ಹಿಡಿಯುವ ದೃಶ್ಯವಿದ್ದರೆ ಪೊಲೀಸರಿಗೆ ಮೊದಲೇ ತಿಳಿಸಿ.

ಎಡಿಟ್ ಮುಗಿದ ಮೇಲೆ ಕಥೆ ಗೊತ್ತಿಲ್ಲದ ಯಾರಿಗಾದರೂ ಸದ್ದು ಬಂದ್ ಮಾಡಿ ತೋರಿಸಿ. ಮೊದಲ ನಿಮಿಷ ನೋಡಿ ‘ಫೈಟ್ ಸಿನಿಮಾ’ ಅಂದರೆ, ಆ ಎಂಟು ಸೆಕೆಂಡಿನಲ್ಲಿ ‘ಅರೆ, ಹೊಡೆಯಲಿಲ್ವಲ್ಲ’ ಅಂದರೆ, ಮೇಡಂಗೆ ಧೈರ್ಯವಾಗಿ ಕೊಡಿ.