ವಾಲ್ಯೂಮ್ ಇಳಿಸಿದರೆ ಎಲೆಕ್ಟ್ರಿಕ್ ಗಿಟಾರ್ ದನಿ ಮಂಕಾಗುತ್ತೆ. 50ರ ದಶಕದ ವೈರಿಂಗ್ ಮಾಡಿಸಬಹುದೇ? ಚಿಕ್ಕಮಗಳೂರಿನಲ್ಲಿ ಯಾರು ಮಾಡಿಕೊಡುತ್ತಾರೆ?

ಖಂಡಿತ ಮಾಡಿಸಿ. ಅದು ಟೋನ್ ಕಂಟ್ರೋಲ್ ಜೋಡಿಸುವ ಹಳೇ ಕ್ರಮ; ಒಂದು ವಾಲ್ಯೂಮ್ ಗುಂಡಿಗೆ ಬದಲಾಗೋದು ಒಂದೇ ಒಂದು ಬೆಸುಗೆ.

ವಾಲ್ಯೂಮ್ ಪಾಟ್‌ಗೆ (ಗುಂಡಿ ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಿಸುವ ಭಾಗ) ಮೂರು ಕಾಲು. ಒಂದಕ್ಕೆ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ವೈರ್ ಬರುತ್ತೆ, ನಡುವಿನದು ಹೊರಗೆ ಹೋಗುತ್ತೆ, ಇನ್ನೊಂದು ಗ್ರೌಂಡ್. ಈಗಿನ ಹೆಚ್ಚಿನ ಗಿಟಾರ್‌ಗಳಲ್ಲಿ ಟೋನ್ ಕಂಟ್ರೋಲ್ (ತೀಕ್ಷ್ಣ ಸ್ವರ ತಗ್ಗಿಸುವ ಗುಂಡಿ, ಕೆಪಾಸಿಟರ್) ಪಿಕಪ್ ಬರುವ ಕಾಲಿಗೇ ಸೇರಿರುತ್ತದೆ. 1950ರ ದಶಕದ ಗಿಬ್ಸನ್ ಲೆಸ್ ಪಾಲ್‌ಗಳಲ್ಲಿ ಅದು ನಡುವಿನ ಕಾಲಿಗೆ ಸೇರಿತ್ತು. ಹಾಗೆ ಮಾಡಿದರೆ ವಾಲ್ಯೂಮ್ ಇಳಿಸಿದಾಗ ಪಿಕಪ್‌ಗೂ ಟೋನ್ ಕೆಪಾಸಿಟರ್‌ಗೂ ನಡುವೆ ಪಾಟ್‌ನ ರೆಸಿಸ್ಟೆನ್ಸ್ ಬರುತ್ತದೆ. ಪಿಕಪ್ ಮೇಲೆ ಹೊರೆ ಕಡಿಮೆ, ಹಾಗಾಗಿ ತೀಕ್ಷ್ಣ ಸ್ವರಗಳು ಜಾಸ್ತಿ ಉಳಿಯುತ್ತವೆ. ವಾಲ್ಯೂಮ್ 10ರಲ್ಲಿ ಇಟ್ಟೇ ನುಡಿಸುವವರಿಗೆ ಮಾತ್ರ ಏನೂ ವ್ಯತ್ಯಾಸ ಗೊತ್ತಾಗಲ್ಲ. ಅವರು ಸುಮ್ನೆ ಖರ್ಚು ಮಾಡಬೇಡಿ.

ಒಂದು ತೊಡಕಿದೆ. ಟೋನ್ ತಿರುಗಿಸಿದಾಗ ವಾಲ್ಯೂಮ್ ಕೂಡ ಸ್ವಲ್ಪ ಅಲುಗಾಡುತ್ತದೆ. ನನಗೆ ಅದು ಇಷ್ಟ, ಕೆಲವರಿಗೆ ಕಿರಿಕಿರಿ.

ಹಂಬಕರ್‌ಗೆ (ಎರಡು ಸುರುಳಿಯ ಪಿಕಪ್) 500ಕೆ, ಅಂದರೆ 500 ಕಿಲೋಓಮ್ ಪಾಟ್, 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಮೇಲೆ 223 ಅಂತ ಬರೆದಿರುತ್ತದೆ. ಹಳೇ ಕಾಲದ್ದು ಎಂದು ಸಾವಿರಾರು ರೂಪಾಯಿಗೆ ಮಾರುವ ಆಯಿಲ್ ಕೆಪಾಸಿಟರ್ ಬೇಡ. ಬೆಲೆ ಇರೋದು ಹೆಸರಿಗೆ, ಕೆಲಸ ಮಾಡೋದು ಮೈಕ್ರೋಫ್ಯಾರಡ್ ಅಳತೆ.

ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವವರು ನಮ್ಮೂರಲ್ಲೂ ಸಿಗುತ್ತಾರಲ್ವಾ? ಚಿತ್ರ ಬರೆದು ತೋರಿಸಿ, ಸಾಕು. ಹಳೇ ಬೆಸುಗೆಯ ಫೋಟೋ ಮೊದಲೇ ತೆಗೆದಿಡಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಪಾಟ್ ಕರಕರ ಅನ್ನುತ್ತಿದ್ದರೆ ಅದೇ ಹೊತ್ತಿಗೆ ಕಾಂಟ್ಯಾಕ್ಟ್ ಕ್ಲೀನರ್ ಕೂಡ ಹೊಡೆಸಿಬಿಡಿ.