ಹಮಾಲಿಯ ಮೊಣಕಾಲು, ನಾರ್ವೆಯ ಮೈದಾನ

ಓದುಗರ ಪತ್ರ:
“ಕಳೆದ ಸಂಚಿಕೆಯ ‘ಮೊಣಕಾಲಿನ ಪುನರ್ವಸತಿ’ ಲೇಖನ ಓದಿದೆ. ನಮ್ಮ ಕಡೆ ಪುನರ್ವಸತಿ ಎಂದರೆ ಡ್ಯಾಮಿನಲ್ಲಿ ಊರು ಮುಳುಗಿದವರಿಗೆ ಕೊಡುವುದು; ಮೊಣಕಾಲಿಗೂ ಕೊಡುತ್ತಾರೆಂದು ಈಗ ತಿಳಿಯಿತು. ಇರಲಿ. ನನ್ನ ತಮ್ಮನ ಮಗ, ಇಪ್ಪತ್ತಾರು ವರ್ಷದವನು, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಭತ್ತದ ಚೀಲ ಹೊತ್ತು ಲಾರಿಗೆ ಇಟ್ಟ ಹಲಗೆ ಏರುವಾಗ ಕಾಲು ತಿರುಚಿ ಬಿದ್ದ. ಒಳಗಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಎಲ್ಲ ಸರಿಯಾಗಿದೆ ಎಂದು ವೈದ್ಯರು ಹೇಳುತ್ತಾರೆ. ಆದರೆ ತೊಡೆ ಸಣ್ಣಗಾಗಿದೆ, ಮೊಣಕಾಲಿನ ಊತ ಬಂದು ಹೋಗುತ್ತಿದೆ, ಮೆಟ್ಟಿಲು ಇಳಿಯುವಾಗ ಕಾಲು ಕುಸಿಯುತ್ತದೆ. ಮನೆಯವರು ಮೈಗಳ್ಳ ಎನ್ನತೊಡಗಿದ್ದಾರೆ. ಪುತ್ತೂರು ಕಟ್ಟು ಕಟ್ಟಿಸೋಣ ಎನ್ನುವವರೂ ಇದ್ದಾರೆ. ನಿಮ್ಮ ಲೇಖನದಲ್ಲಿ ನೋಡಿದರೆ ನಾರ್ವೆಯ ಆಟಗಾರರು, ಸ್ವೀಡನ್ನಿನ ತರುಣರು. ಅದರಿಂದ ಹಮಾಲಿಗೇನು ಬಂತು? ಆ ಪುಟದ ಎದುರಿಗೇ ಕೀಲುನೋವಿನ ಎಣ್ಣೆಯ ಜಾಹೀರಾತು ಬೇರೆ. ಯಾವುದನ್ನು ನಂಬೋಣ?”
— ನಿವೃತ್ತ ಶಿಕ್ಷಕರು, ಸಿಂಧನೂರು

ಸಂಪಾದಕರ ಉತ್ತರ:

ಮಾನ್ಯ ಗುರುಗಳೇ,

ಎಣ್ಣೆಯ ಜಾಹೀರಾತಿನ ವಿಷಯದಲ್ಲಿ ತಪ್ಪು ನನ್ನದು. ಪುಟ ಕಟ್ಟುವ ರಾತ್ರಿ ಎಡಪುಟ ಖಾಲಿ ಉಳಿದಿತ್ತು, ಜಾಹೀರಾತು ಕೈಯಲ್ಲಿತ್ತು. ಎದುರಿಗೆ ಏನಿದೆ ಎಂದು ನೋಡಲಿಲ್ಲ. ‘ಪುನರ್ವಸತಿ’ಯ ಬಗ್ಗೆಯೂ ನಿಮ್ಮ ಮಾತೇ ಸರಿ. ನಿಘಂಟು ತೆರೆದು ಮೊದಲು ಸಿಕ್ಕ ಪದ ಎತ್ತಿಕೊಂಡದ್ದರ ಫಲ ಅದು. ಈ ಉತ್ತರದಲ್ಲಿ ಗರಡಿಮನೆಯ ಮಾತನ್ನೇ ಬಳಸುತ್ತೇನೆ: ತಾಲೀಮು.

ಇನ್ನು ನಿಮ್ಮ ಹುಡುಗನ ಮಾತು. ಇಡೀ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ‘ಮೈಗಳ್ಳ’ ಎಂಬ ಪದ. ಅದನ್ನು ಹೇಳಿದವರಿಗೆ ಈ ಪುಟ ಓದಿ ಹೇಳಿ.

ಮೊಣಕಾಲಿನ ಕೀಲಿಗೆ ಪೆಟ್ಟಾಗಿ ಒಳಗೆ ನೀರು ತುಂಬಿದಾಗ ಕೀಲಿನ ಸುತ್ತಲಿನ ನರತುದಿಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಬೆನ್ನುಹುರಿ ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ, ಅಂದರೆ ಕ್ವಾಡ್ರಿಸೆಪ್ಸ್‌ಗೆ, ಹೋಗಬೇಕಾದ ಆಜ್ಞೆಯನ್ನು ದಾರಿಯಲ್ಲೇ ತಡೆಯುತ್ತದೆ. ಮನುಷ್ಯ ಎಷ್ಟೇ ಹಲ್ಲುಕಚ್ಚಿ ಕಾಲು ಬಿಗಿಯಲು ನೋಡಲಿ, ಸ್ನಾಯುವಿನ ಒಂದು ಪಾಲು ಏಳುವುದೇ ಇಲ್ಲ. ಇದು ಮನಸ್ಸಿನ ದೌರ್ಬಲ್ಯವಲ್ಲ ಎಂಬುದನ್ನು 1965ರಲ್ಲಿಯೇ ವೈದ್ಯರು ಪ್ರಯೋಗ ಮಾಡಿ ತೋರಿಸಿದರು. ಮೊಣಕಾಲಿನೊಳಗೆ ಸೂಜಿಯಿಂದ ದ್ರವ ತುಂಬಿದರು. ತೊಡೆಯ ಬಲ ಇಳಿಯಿತು. 1984ರ ಇನ್ನೊಂದು ಅಧ್ಯಯನದಲ್ಲಿ, ತೊಡೆಯ ಒಳಬದಿಯ ಸ್ನಾಯು ಮಂಕಾಗುವುದಕ್ಕೆ 20ರಿಂದ 30 ಮಿಲಿಲೀಟರ್ ಸಾಕಾಯಿತು. ಟಾನಿಕ್ ಸೀಸೆಯ ಮುಚ್ಚಳದಲ್ಲಿ ಅಳೆದರೆ ಎರಡು ಮೂರು ಮುಚ್ಚಳ. ಹೊರಗಿನಿಂದ ನೋಡುವವರಿಗೆ ಅದು ಊತವೆಂದೇ ಅನ್ನಿಸದಿರಬಹುದು.

ನಿಮಗೆ ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕ ಗೊತ್ತು. ಡ್ಯಾಮು ತುಂಬಿರುತ್ತದೆ, ಮಾನ್ವಿಯಿಂದಾಚೆ ಕೊನೆಯ ಭಾಗದ ರೈತನ ಹೊಲ ಒಣಗಿರುತ್ತದೆ. ಅವನು ಬಿತ್ತಲಿಲ್ಲ ಎಂದು ಯಾರಾದರೂ ಬೈದರೆ ನೀವೇ ಜಗಳಕ್ಕೆ ನಿಲ್ಲುತ್ತೀರಿ. ನಿಮ್ಮ ಹುಡುಗನ ತೊಡೆ ಆ ಹೊಲ. ಮೇಲೆ ನೀರಿದೆ, ನಡುವೆ ಗೇಟು ಇಳಿದಿದೆ. ನೋವು ಹೋದ ಮೇಲೂ ಎಷ್ಟೋ ಜನರಲ್ಲಿ ಅದು ತಿಂಗಳುಗಟ್ಟಲೆ ಪೂರ್ತಿ ಏಳುವುದಿಲ್ಲ. ಅಷ್ಟರಲ್ಲಿ ಕೆಲಸವಿಲ್ಲದ ಸ್ನಾಯು ನಿಜವಾಗಿಯೂ ಸಣ್ಣಗಾಗುತ್ತದೆ. ಮೆಟ್ಟಿಲು ಹತ್ತುವಾಗ ಇನ್ನೊಂದು ಕಾಲು ತಳ್ಳಿ ಹೇಗೋ ನಡೆಯುತ್ತದೆ. ಇಳಿಯುವಾಗ ಇಡೀ ಮೈಭಾರವನ್ನು ಆ ಒಂದು ತೊಡೆಯೇ ತಡೆದು ತಡೆದು ಕೆಳಗಿಳಿಸಬೇಕು. ಕುಸಿಯುವುದು ಅಲ್ಲಿ.

ಇದರ ಜೊತೆಗೆ ಇನ್ನೊಂದು ನಷ್ಟವೂ ಇದೆ. ಹರಿದ ಲಿಗಮೆಂಟ್, ಅಂದರೆ ಕೀಲಿನ ಎಲುಬುಗಳನ್ನು ಹಿಡಿದಿಡುವ ಹುರಿ, ಬರೀ ಹಗ್ಗವಾಗಿರಲಿಲ್ಲ. ಕಾಲು ಯಾವ ಕೋನದಲ್ಲಿದೆ, ಎಷ್ಟು ತಿರುಚುತ್ತಿದೆ ಎಂದು ತಿಳಿಸುವ ನರತುದಿಗಳು ಅದರೊಳಗಿದ್ದವು. ಶಸ್ತ್ರವೈದ್ಯರು ಸಾಮಾನ್ಯವಾಗಿ ತೊಡೆಯ ಹಿಂಬದಿಯಿಂದಲೋ ಮೊಣಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜು ತೆಗೆದು ಹೊಸ ಹುರಿ ಕೂರಿಸುತ್ತಾರೆ. ಹುರಿ ಬಂತು, ಸುದ್ದಿ ತರುವವನು ಬರಲಿಲ್ಲ. ಫ್ರೀಮನ್ ಎಂಬ ಬ್ರಿಟಿಷ್ ವೈದ್ಯರು 1965ರಲ್ಲಿ ಪಾದದ ಕೀಲು ಉಳುಕಿದವರ ವಿಷಯದಲ್ಲಿ ಇದನ್ನೇ ವಾದಿಸಿದ್ದರು: ಕೀಲು ಮತ್ತೆ ಮತ್ತೆ ಮಗುಚುವುದಕ್ಕೆ ಸಡಿಲತೆಯೊಂದೇ ಕಾರಣವಲ್ಲ, ಕೀಲಿನ ಅರಿವು ಮಂಕಾಗಿರುವುದೂ ಕಾರಣ, ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಆ ಅರಿವನ್ನು ಮರಳಿ ಕಲಿಸಬಹುದು. ಗದ್ದೆಯ ಕೆಸರು ಬದುವಿನ ಮೇಲೆ ಸಸಿಯ ಕಟ್ಟು ಹೊತ್ತು ನಡೆಯುವ ನಮ್ಮ ಹೆಣ್ಣುಮಕ್ಕಳಿಗೆ ಆ ವಿದ್ಯೆ ಪಾದದಲ್ಲಿಯೇ ಇದೆ. ನಿಮ್ಮ ಹುಡುಗನಿಗೂ ಇತ್ತು, ಇಲ್ಲದಿದ್ದರೆ ಅಷ್ಟು ವರ್ಷ ಆ ಹಲಗೆ ಏರುತ್ತಿರಲಿಲ್ಲ. ಈಗ ಮತ್ತೆ ಮೊದಲಿನಿಂದ ಕಲಿಯಬೇಕು.

ನಾರ್ವೆಯ ಪ್ರಶ್ನೆಗೆ ಬರುತ್ತೇನೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ ತುಸು ಹೆಚ್ಚು ಜನ, ಓಡುತ್ತಾ ತಟ್ಟನೆ ತಿರುಗುವ ಆಟಗಳನ್ನು ಆಡುವವರು, ಇದೇ ಆಪರೇಷನ್ ಮಾಡಿಸಿಕೊಂಡಿದ್ದರು. ಅಂಥ ಆಟಕ್ಕೆ ಮರಳುವುದನ್ನು ಒಂಬತ್ತನೆಯ ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಎರಡೂ ತೊಡೆಗಳ ಬಲ ಹೆಚ್ಚುಕಡಿಮೆ ಸಮವಾದ ಮೇಲೆ ಮರಳಿದವರಿಗೆ ಗಾಯ ಕಡಿಮೆಯಾಯಿತು. ಹಮಾಲಿಗೆ ಇದರಿಂದ ಏನು ಎಂದು ಕೇಳಿದಿರಿ. ಕೂರಿಸಿದ ಹುರಿ ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವುದಕ್ಕೆ ಮುಂಚೆ ಮೆತ್ತಗಾಗುತ್ತದೆ, ರಕ್ತನಾಳಗಳು ಹೊಕ್ಕು ಅದು ದೇಹದ್ದೇ ಆಗಲು ತಿಂಗಳುಗಳು ಬೇಕು. ಇದು ಓಸ್ಲೋದಲ್ಲೂ ಅಷ್ಟೇ, ಗಂಗಾವತಿಯಲ್ಲೂ ಅಷ್ಟೇ. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗಂಡಾಳೊಬ್ಬ ಹೊರುವ ಭಾರ 55 ಕೆ.ಜಿ.ಗಿಂತ ಹೆಚ್ಚಿದ್ದರೆ ಅದನ್ನು ಇಳಿಸುವ ಕ್ರಮ ಕೈಗೊಳ್ಳಬೇಕೆಂದು ಶಿಫಾರಸು ಮಾಡಿತ್ತು. ಚೆಂಡಿನ ಹಿಂದೆ ಓಡುವವನಿಗೆ ಒಂಬತ್ತು ತಿಂಗಳು ಬೇಕಾದರೆ, 75 ಕೆ.ಜಿ. ಹೊತ್ತು ಬಳುಕುವ ಹಲಗೆಯ ಮೇಲೆ ಒಂಟಿಕಾಲಲ್ಲಿ ತೂಗುವವನಿಗೆ ನಾಲ್ಕು ತಿಂಗಳು ಸಾಕೆಂದು ಯಾವ ಲೆಕ್ಕದಲ್ಲಿ ಹೇಳುವುದು? ಅವನು ಈಗ ಚೀಲ ಮುಟ್ಟಬಾರದು. ವ್ಯತ್ಯಾಸ ದೇಹದಲ್ಲಿಲ್ಲ, ಅಲ್ಲಿ ಕಾಯಲು ಕೊಡುತ್ತಾರೆ, ಇಲ್ಲಿ ಮುಕದ್ದಮ ಮೂರನೇ ವಾರಕ್ಕೆ ಬೇರೆಯವನನ್ನು ಗುಂಪಿಗೆ ಸೇರಿಸಿಕೊಳ್ಳುತ್ತಾನೆ.

ಒಂದು ಮಾತಿನಲ್ಲಿ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಆಟಗಾರ ಮರಳಲು ಸಿದ್ಧನೇ ಎಂದು ನೋಡಲು ಅವರು ಒಂಟಿಕಾಲಿನಲ್ಲಿ ಜಿಗಿಸಿ ದೂರ ಅಳೆಯುತ್ತಾರೆ. ಹಮಾಲಿಗೆ ಆ ಪರೀಕ್ಷೆಯೊಂದೇ ಸಾಲದು. ಅವನ ಪರೀಕ್ಷೆ ಹಲಗೆ, ಇಳಿಜಾರು, ಹೆಗಲ ಮೇಲಿನ ಭಾರ. ಅದನ್ನು ನಮ್ಮವರೇ ರೂಪಿಸಬೇಕು, ನಮ್ಮ ಗಿರಣಿ ಅಂಗಳದಲ್ಲಿ.

ಸ್ವೀಡನ್ನಿನ ಅಧ್ಯಯನ ಇನ್ನೂ ಸ್ವಾರಸ್ಯದ್ದು. 2010ರಲ್ಲಿ ಪ್ರಕಟವಾಯಿತು. ಇದೇ ಲಿಗಮೆಂಟ್ ಹರಿದ 121 ತರುಣ ತರುಣಿಯರಲ್ಲಿ 62 ಜನರಿಗೆ ಬೇಗ ಆಪರೇಷನ್, ಜೊತೆಗೆ ತಾಲೀಮು. 59 ಜನರಿಗೆ ಮೊದಲು ತಾಲೀಮು ಮಾತ್ರ, ಬೇಕೆನಿಸಿದರೆ ಆಮೇಲೆ ಆಪರೇಷನ್. ಆ 59ರಲ್ಲಿ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 23 ಮಂದಿ. ನೋವು, ಓಡಾಟ, ಆಟಗಳ ಬಗ್ಗೆ ಅವರವರೇ ಕೊಟ್ಟ ಅಂಕ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆಪರೇಷನ್ ದಂಡ ಎಂದು ಇದನ್ನು ಓದಬೇಡಿ. ಪದೇ ಪದೇ ಕುಸಿಯುವ ಮೊಣಕಾಲಿಗೆ, ಭಾರ ಹೊರುವ ಕಸುಬಿಗೆ ಅದು ಬೇಕಾಗಬಹುದು. ನಾನು ಗಮನಿಸಿದ್ದು ಬೇರೆ: ಎರಡೂ ಗುಂಪಿನಲ್ಲಿ ತಪ್ಪದೆ ಇದ್ದದ್ದು ತಾಲೀಮು. ನಮ್ಮಲ್ಲಿ ತಪ್ಪಿಹೋಗುವುದು ಅದೊಂದೇ. ಆಪರೇಷನ್ನಿಗೆ ಸಾಲ ಮಾಡುತ್ತೇವೆ, ಹೊಲಿಗೆ ಬಿಚ್ಚಿದ ದಿನ ಕೆಲಸ ಮುಗಿಯಿತೆಂದು ಕಾಯಿ ಒಡೆಯುತ್ತೇವೆ.

ಇದನ್ನು ಹೇಳುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಹಲವು ವರ್ಷಗಳ ಹಿಂದೆ ಲಿಂಗಸುಗೂರು ರಸ್ತೆಯಲ್ಲಿ ಸ್ಕೂಟರ್ ಜಾರಿ ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಿದ್ದೆ. ಪ್ಲಾಸ್ಟರ್ ತೆಗೆದಾಗ ಕಾಲು ಜೋಳದ ದಂಟಿನಂತಿತ್ತು. ‘ವಿಶ್ರಾಂತಿ ತೆಗೆದುಕೊಳ್ಳಿ’ ಎಂದರು, ನಾನು ಸಂತೋಷದಿಂದ ತೆಗೆದುಕೊಂಡೆ. ವಾರಗಳ ವಿಶ್ರಾಂತಿಯನ್ನು ತಿಂಗಳುಗಳಿಗೆ ಹಿಗ್ಗಿಸಿದೆ. ಮೊಣಕಾಲ ಕೆಳಗೆ ದಿಂಬು ಇಟ್ಟುಕೊಂಡು ಮಲಗುವುದು ಎಷ್ಟು ಹಿತವೆಂದು ನನಗೆ ಚೆನ್ನಾಗಿ ಗೊತ್ತು. ಆ ಹಿತದಲ್ಲಿ ಮೊಣಕಾಲು ಪೂರ್ತಿ ನೆಟ್ಟಗಾಗುವುದನ್ನು ಮರೆಯಿತು. ಕಚೇರಿಯ ಮೆಟ್ಟಿಲನ್ನು ಇಂದಿಗೂ ಕಂಬಿ ಹಿಡಿದೇ ಇಳಿಯುತ್ತೇನೆ. ನಿಮ್ಮ ಹುಡುಗ ದಿಂಬು ಇಟ್ಟುಕೊಳ್ಳುತ್ತಿದ್ದರೆ ಇಂದೇ ತೆಗೆಸಿ. ಇಡಲೇಬೇಕೆಂದರೆ ಹಿಮ್ಮಡಿಯ ಕೆಳಗೆ ಇಡಲಿ.

ತಾಲೀಮು ಎಂದರೆ ಏನು? ನಮ್ಮ ಕಡೆಯ ಅನೇಕ ಕೇಂದ್ರಗಳಲ್ಲಿ ಹತ್ತು ದಿನ ಬಿಸಿ ಶಾಖ ಕೊಟ್ಟು, ‘ಕರೆಂಟ್’ ಇಟ್ಟು ಕಳಿಸುತ್ತಾರೆ. ಕರೆಂಟ್‌ನಲ್ಲಿ ಎರಡು ಬಗೆ. ಚುಮುಚುಮು ಎನ್ನಿಸಿ ನೋವು ಮರೆಸುವುದು ಒಂದು. ತೊಡೆಯ ಸ್ನಾಯುವನ್ನು ಎದ್ದು ಕಾಣುವಂತೆ ಗಟ್ಟಿಯಾಗಿ ಬಿಗಿಯಿಸುವುದು ಇನ್ನೊಂದು. ಇಂಥ ಆಪರೇಷನ್ನಿನ ನಂತರ ತೊಡೆಯ ಬಲ ಮರಳಿಸಲು ನೆರವಾಗುವುದು ಎರಡನೆಯದು, ಅದೂ ವ್ಯಾಯಾಮದ ಜೊತೆಗೆ. ಯಾವುದು ಕೊಡುತ್ತಿದ್ದೀರಿ ಎಂದು ಫಿಸಿಯೋಥೆರಪಿಸ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಆಮೇಲಿನದು ಭಾರ. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಸೇನಾ ಆಸ್ಪತ್ರೆಯೊಂದರಲ್ಲಿ ಥಾಮಸ್ ಡಿಲಾರ್ಮ್ ಎಂಬ ವೈದ್ಯ ಮೊಣಕಾಲು ಕೆಟ್ಟ ಸೈನಿಕರಿಗೆ ಹಗುರ ವ್ಯಾಯಾಮ ಬಿಡಿಸಿ, ಪಾದಕ್ಕೆ ಕಬ್ಬಿಣದ ಪಾದರಕ್ಷೆ ಕಟ್ಟಿಸಿ, ತಾಳಬಲ್ಲಷ್ಟು ಭಾರವನ್ನು ಕೆಲವೇ ಸಲ ಎತ್ತಿಸಿದರು. ಸಲೀಸಾದಂತೆ ಭಾರ ಏರಿಸಿದರು. 1945ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದ ಮೇಲೆ ಆ ಕ್ರಮ ಜಗತ್ತಿನ ತುಂಬ ಹಬ್ಬಿತು. ಸಂಗ್ರಾಣಿ ಕಲ್ಲು ಎತ್ತುವ ನಮ್ಮ ಹುಡುಗರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಸಣ್ಣ ಗುಂಡು ಹೆಗಲೇರಿದ ಮೇಲೆಯೇ ದೊಡ್ಡದಕ್ಕೆ ಕೈ ಹಾಕುವುದು ಅವರ ರೂಢಿ. ಹೊಸ ಹುರಿ ಕೂರಿಸಿದ ಕಾಲಿಗೆ ಯಾವ ಕೋನದಲ್ಲಿ, ಎಷ್ಟು ಭಾರ ಎಂಬುದನ್ನು ಮಾತ್ರ ಆಪರೇಷನ್ ಮಾಡಿದವರು ಮತ್ತು ಫಿಸಿಯೋಥೆರಪಿಸ್ಟರು ಕೂಡಿ ನಿರ್ಧರಿಸಬೇಕು, ನಾನಲ್ಲ. ಒಳ್ಳೆಯ ಕಾಲಿಗೂ ತಾಲೀಮು ಕೊಡಲಿ. ಒಂದು ಕೈ ಪಳಗಿಸಿದರೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಹೆಚ್ಚುತ್ತದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ಬೆಳೆಯುವುದು ಸ್ನಾಯುವಷ್ಟೇ ಅಲ್ಲ, ನರವೂ ಕಲಿಯುತ್ತದೆ ಎಂಬುದಕ್ಕೆ ಅದಕ್ಕಿಂತ ಸರಳ ಸಾಕ್ಷಿ ನನಗೆ ಗೊತ್ತಿಲ್ಲ.

ಪುತ್ತೂರು ಕಟ್ಟಿನ ಫಲಕ ಬಳ್ಳಾರಿಯಿಂದ ರಾಯಚೂರಿನವರೆಗೆ ಕಾಣುತ್ತದೆ. ಕಟ್ಟುವವರನ್ನು ನಾನು ಹಂಗಿಸುವುದಿಲ್ಲ; ಮುಟ್ಟಿ ನೋಡುತ್ತಾರೆ, ಕೂರಿಸಿ ಮಾತಾಡುತ್ತಾರೆ, ಮತ್ತೆ ಬಾ ಎನ್ನುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಈ ಮೂರೂ ದುರ್ಲಭ. ಆದರೆ ಕೀಲಿನ ಒಳಗಿನ ಹುರಿಗೆ ಹೊರಗಿನ ಕಟ್ಟು ಏನೂ ಮಾಡದು. ಬಿದಿರು ದಬ್ಬೆ ಇಟ್ಟು ಬಿಗಿದರೆ ತೊಡೆ ಇನ್ನಷ್ಟು ಸೊರಗುತ್ತದೆ. ಊದಿದ ಕಾಲಿಗೆ ಬಿಗಿಯಾಗಿ ಸುತ್ತಿದ ಕಟ್ಟು ರಕ್ತ ಸಂಚಾರ ತಡೆದು ಕಾಲನ್ನೇ ಕಳೆಯಬಹುದು. ಬೇಡ ಎನ್ನಿ. ಎಣ್ಣೆ ಹಚ್ಚಲಿ, ತೊಂದರೆಯಿಲ್ಲ, ಅದು ಚರ್ಮಕ್ಕೆ ಒಳ್ಳೆಯದು. ಮೀನಖಂಡ ಊದಿ ನೋಯುತ್ತಿದ್ದರೆ, ಮೊಣಕಾಲು ಕೆಂಪಾಗಿ ಜ್ವರ ಬಂದರೆ, ಕೀಲು ಬಾಗಿದಲ್ಲೇ ಸಿಕ್ಕಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಕುಸಿಯುವುದನ್ನೂ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಬಿಡಿಸಿ ಹೇಳಿ. ‘ನೋವಿದೆಯೇ’ ಎಂದು ಕೇಳಿದರೆ ಇವನು ಇಲ್ಲ ಎಂದಿರುತ್ತಾನೆ, ಅಲ್ಲಿಗೆ ಮಾತು ಮುಗಿದಿರುತ್ತದೆ.

ಹೊಟ್ಟೆಪಾಡಿನ ಮಾತೂ ಇದೆ. ಕೆಲಸದ ವೇಳೆಯ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಿಂದ ಇದೆ. ಹಮಾಲಿಗಳನ್ನು ನೋಂದಾಯಿಸುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯೂ ರಾಜ್ಯದಲ್ಲಿದೆ. ಅವನ ಬಳಿ ಕಾರ್ಡ್ ಇದೆಯೇ ನೋಡಿ. ಆಸ್ಪತ್ರೆಯ ಚೀಟಿಗಳನ್ನು ಒಂದು ಕಡೆ ಪಿನ್ ಮಾಡಿ, ಬಿದ್ದ ದಿನ ಜೊತೆಗಿದ್ದವರ ಹೆಸರು ಬರೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ನಿಮ್ಮಂಥ ಗುರುಗಳು ಜೊತೆಗೆ ಹೋದರೆ ಗುಮಾಸ್ತರು ಕುರ್ಚಿ ಕೊಡುತ್ತಾರೆ, ಅವನೊಬ್ಬನೇ ಹೋದರೆ ನಾಳೆ ಬಾ ಎನ್ನುತ್ತಾರೆ.

ಕೊನೆಗೆ ಒಂದು ಕೆಲಸ ಹಚ್ಚುತ್ತೇನೆ. ದರ್ಜಿಯ ಟೇಪು ತೆಗೆದುಕೊಂಡು, ಮೊಣಚಿಪ್ಪಿನ ಮೇಲಂಚಿನಿಂದ ಹತ್ತು ಸೆಂಟಿಮೀಟರ್ ಮೇಲೆ ಪೆನ್ನಿನಿಂದ ಗುರುತು ಹಾಕಿ ಎರಡೂ ತೊಡೆಗಳ ಸುತ್ತಳತೆ ತೆಗೆಯಿರಿ. ಇದು ಒರಟು ಅಳತೆ, ಸ್ನಾಯುವಿನ ನಷ್ಟವನ್ನು ಕೊಬ್ಬು ಮುಚ್ಚಿಡಬಹುದು. ಆದರೂ ಮನೆಯವರ ಕಣ್ಣಿಗೆ ಕಾಣುವ ಅಳತೆ. ಬಾಗಿಲ ಚೌಕಟ್ಟಿನ ಪಕ್ಕ, ಕೈ ಆಸರೆಗೆ ಸಿಗುವಂತೆ, ಒಂದೊಂದೇ ಕಾಲಿನ ಮೇಲೆ ಎಷ್ಟು ಸೆಕೆಂಡು ನಿಲ್ಲುತ್ತಾನೆ ಎಂದೂ ಎಣಿಸಿ. ತಾರೀಖು ಹಾಕಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ, ಮೈಗಳ್ಳ ಎಂದವರು ಓಡಾಡುವ ಜಾಗದಲ್ಲಿ. ತಿಂಗಳು ಬಿಟ್ಟು ಮತ್ತೆ ಅಳೆದು ಎರಡೂ ಸಲದ ಅಂಕಿಗಳನ್ನು ನನಗೆ ಕಳಿಸಿ. ಎಡ ಬಲ ಬೇರೆ ಬೇರೆಯಾಗಿ ಬರೆಯಲು ಮರೆಯಬೇಡಿ. ಆ ಸಂಚಿಕೆಯ ಎಡಪುಟವನ್ನು ನಾನೇ ನೋಡಿಕೊಳ್ಳುತ್ತೇನೆ.

ನಿಮ್ಮ,
ಸಂಪಾದಕ
ರಾಯಚೂರು