ಕೇರಳದವರು ಕೇರಳದ ಆಸ್ಪತ್ರೆಗೇ ಹೋಗಬಹುದಿತ್ತಲ್ಲ?

2020ರಲ್ಲಿ ಕೊರೋನಾ ಸಮಯದಲ್ಲಿ ಕರ್ನಾಟಕ ಕೇರಳದ ಕಡೆಯ ಗಡಿ ಮುಚ್ಚಿದಾಗ ಕಾಸರಗೋಡಿನ ಜನ ಯಾಕೆ ಅಷ್ಟು ಗೋಳಾಡಿದರು, ಕೇರಳದವರು ಕೇರಳದ ಆಸ್ಪತ್ರೆಗೇ ಹೋಗಬಹುದಿತ್ತಲ್ಲ ಎಂದು ಕೇಳಿದ್ದೀರಿ. ನೀವು ತುಮಕೂರಿನವರು, ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ವರ್ಕಾಡಿ ಕಡೆ. ಮನೆಯೊಳಗೆ ತುಳು. ಶಾಲೆಯಲ್ಲಿ ಕಲಿತದ್ದು ಕನ್ನಡ. ಪಂಚಾಯತಿನಿಂದ ಬರುವ ಕಾಗದ ಮಲಯಾಳದಲ್ಲಿ. ಆಚೆ ಮನೆಯವರು ಬ್ಯಾರಿ ಮಾತಾಡುತ್ತಾರೆ, ಗುಡ್ಡೆಯ ಕೆಳಗಿನವರು ಕೊಂಕಣಿ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದಕ್ಕೆ ಮೊದಲು ನಾವೂ ಮಂಗಳೂರಿನವರೂ ಒಂದೇ ಜಿಲ್ಲೆ. ಗೆರೆ ಎಳೆದ ಮಾತ್ರಕ್ಕೆ ಪೇಟೆ ಬದಲಾಗುತ್ತದಾ? ಮದುವೆ ಜವಳಿಗೆ ಮಂಗಳೂರು, ಕಾಲೇಜಿಗೆ ಮಂಗಳೂರು, ಕಾಯಿಲೆಗೂ ಮಂಗಳೂರು. ನಮ್ಮಿಂದ ಅಲ್ಲಿಗೆ ಒಂದು ಗಂಟೆಯ ದಾರಿ. ಕಣ್ಣೂರು ಕಡೆಯ ದೊಡ್ಡ ಆಸ್ಪತ್ರೆಗೆ ನೂರು ಕಿಲೋಮೀಟರಿಗಿಂತ ಜಾಸ್ತಿ. ನಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿಗೆ ಉಕ್ಕಿನಡ್ಕದಲ್ಲಿ 2013ರಲ್ಲೇ ಕಲ್ಲು ಹಾಕಿದ್ದರು. ಕೊರೋನಾ ಬಂದಾಗಲೂ ಅಲ್ಲಿ ಕಟ್ಟಡದ ಕೆಲಸವೇ ನಡೆಯುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಅವಸರದಿಂದ ಅದನ್ನು ಕೋವಿಡ್ ಆಸ್ಪತ್ರೆ ಮಾಡಿದರು.

ಜನತಾ ಕರ್ಫ್ಯೂ ಆದ ಆಸುಪಾಸಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಹೆದ್ದಾರಿಗೆ ಬ್ಯಾರಿಕೇಡ್ ಹಾಕಿದ್ದು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಟಿವಿಯಲ್ಲಿ ಕಾಣದೇ ಹೋದದ್ದು ಒಳದಾರಿಗಳು. ಟಿಪ್ಪರಿನಲ್ಲಿ ಕೆಂಪು ಮಣ್ಣು ತಂದು ರಸ್ತೆಗೆ ಅಡ್ಡ ಸುರಿದಿದ್ದರು. ನಮ್ಮ ಹತ್ತಿರದ ದಾರಿಯಲ್ಲಿ ಬಿದ್ದ ಮಣ್ಣು ನನ್ನ ಎದೆಮಟ್ಟಕ್ಕಿತ್ತು, ಅದರೊಳಗೆ ಮುರಕಲ್ಲಿನ ತುಂಡುಗಳು. ಮಣ್ಣಿನ ಆಚೆ ಬದಿಯಲ್ಲಿ ಚಿಕ್ಕಮ್ಮನ ಮನೆ. ಅಮ್ಮ ಈಚೆ ನಿಂತು ಮಾತಾಡುತ್ತಿದ್ದರು, ಚಿಕ್ಕಮ್ಮ ಆಚೆಯಿಂದ ಬಸಳೆ ಕಟ್ಟು ಎಸೆಯುತ್ತಿದ್ದರು. ಪೊಲೀಸರು ಕಂಡರೆ ಇಬ್ಬರೂ ಓಟ.

ಹೆದರಿಕೆ ಸುಳ್ಳಾಗಿರಲಿಲ್ಲ, ಅದನ್ನು ಹೇಳಲೇಬೇಕು. ಆ ಮಾರ್ಚ್‌ನಲ್ಲಿ ದೇಶದಲ್ಲೇ ಹೆಚ್ಚು ಕೇಸು ಇದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ದುಬೈಯ ನೈಫ್ ಕಡೆಯಿಂದ ಊರಿಗೆ ಬಂದವರು ಜಾಸ್ತಿ ಇದ್ದರು. ಮಂಗಳೂರಿನವರು ಹೆದರಿದ್ದು ನನಗೆ ಅರ್ಥ ಆಗುತ್ತದೆ. ನಾವೂ ಹೆದರಿ, ಗಲ್ಫಿನಿಂದ ಬಂದ ನಮ್ಮದೇ ನೆರೆಮನೆಯ ಹುಡುಗನಿಗೆ ಬಾವಿಕಟ್ಟೆ ಹತ್ತಿರ ಬರಬೇಡ ಅಂದಿದ್ದೆವು. ಅವನಿಗೆ ಏನೂ ಇರಲಿಲ್ಲ. ಆ ಮಾತು ನೆನಪಾದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇನ್ನು ದೊಡ್ಡಮ್ಮನ ವಿಷಯ. ಅವರಿಗೆ ಕಿಡ್ನಿ ಹೋಗಿದೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಗಡಿ ಮುಚ್ಚಿದ ನಂತರ ಮೊದಲ ಸಲ ಹೋಗಬೇಕಾದ ದಿನ ಬೆಳಿಗ್ಗೆ ಆರಕ್ಕೇ ಹೊರಟೆವು. ಫೈಲು ತೋರಿಸಿದೆ. ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಜಾಗ ತೋರಿಸಿದೆ. ಬ್ಯಾರಿಕೇಡಿನ ಹತ್ತಿರ ಇದ್ದವರು, "ನಮಗೆ ಆರ್ಡರ್ ಇಲ್ಲ, ನಿಮ್ಮ ಸರಕಾರವನ್ನು ಕೇಳಿ" ಅಂದರು. ಕೆಟ್ಟ ಮಾತೇನೂ ಆಡಲಿಲ್ಲ. ಕನ್ನಡದಲ್ಲೇ ಹೇಳಿದರು. ಈಚೆಗೆ ಬಂದು ಕೇರಳದ ಕಡೆಯವರನ್ನು ಕೇಳಿದರೆ, "ಕರ್ನಾಟಕದವರು ಬಿಡದಿದ್ದರೆ ನಾವೇನು ಮಾಡೋಣ?" ದೊಡ್ಡಮ್ಮ ರಿಕ್ಷಾದೊಳಗೆ ಕೂತು ಎರಡೂ ಮಾತು ಕೇಳುತ್ತಿದ್ದರು.

ಡಯಾಲಿಸಿಸ್ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಮೂರನೇ ದಿನಕ್ಕೆ ಕಾಲು ಊದಿತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಅದು ತುಂಬಲು ಹೊತ್ತು ಹಿಡಿಯುತ್ತಿತ್ತು. ನೀರು ಕುಡಿಯಬಾರದು. ಎಪ್ರಿಲ್ ಹತ್ತಿರ ಬಂದಿತ್ತು, ಧಗೆ ಎಷ್ಟಿರುತ್ತದೆ ಅಂತ ಕರಾವಳಿಯವರಿಗೆ ಗೊತ್ತು. ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ಇಡೀ ದಿನದ ನೀರು ಅಳೆದಿಟ್ಟು, ಬಟ್ಟೆ ಒದ್ದೆ ಮಾಡಿ ತುಟಿಗೆ ಹಚ್ಚಿಕೊಳ್ಳುತ್ತಿದ್ದರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರು. ಕಾಸರಗೋಡು, ಕಾಞಂಗಾಡ್ ಎಲ್ಲ ಕಡೆ ಫೋನು ಮಾಡಿದೆ. ಇದ್ದ ಮೆಶಿನುಗಳಿಗೆ ಮೊದಲಿನಿಂದ ಬರುವವರದೇ ಸಾಲು. ಆರನೇ ದಿನ ಕಣ್ಣೂರು ಜಿಲ್ಲೆಯಲ್ಲಿ ಒಂದು ಕಡೆ ಜಾಗ ಸಿಕ್ಕಿತು.

ಅಲ್ಲಿ ಇನ್ನೊಂದು ಕಷ್ಟ. ದೊಡ್ಡಮ್ಮನಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ನರ್ಸು "ಶ್ವಾಸಂ ಮುಟ್ಟುಂಡೋ?" ಅಂತ ಕೇಳಿದರು. ಉಸಿರು ಕಟ್ಟುತ್ತದಾ ಅಂತ ಅರ್ಥ. ದೊಡ್ಡಮ್ಮನಿಗೆ 'ಮುಟ್ಟು' ಅನ್ನುವುದೊಂದೇ ಕೇಳಿಸಿತು. ಈ ವಯಸ್ಸಿನಲ್ಲಿ ಎಂಥದ್ದು ಅಂದುಕೊಂಡು, ನಾಚಿಕೊಂಡು, ಏದುಸಿರು ಬಿಡುತ್ತಲೇ ಇಲ್ಲ ಅಂತ ತಲೆ ಆಡಿಸಿದರು. ನಾನು ಬಾಗಿಲಲ್ಲೇ ಇದ್ದೆ, ಓಡಿಹೋಗಿ ಹೇಳಿದೆ. ನಾನು ಇಲ್ಲದಿದ್ದರೆ? ಇಂಥದ್ದು ಯಾವ ಸುದ್ದಿಯಲ್ಲೂ ಬರುವುದಿಲ್ಲ. ನರ್ಸಿನದು ತಪ್ಪಲ್ಲ, ದೊಡ್ಡಮ್ಮನದೂ ತಪ್ಪಲ್ಲ.

ಹೋಗಿ ಬರಲು ಆಂಬುಲೆನ್ಸ್ ಬಾಡಿಗೆ ಒಂದು ಸಲಕ್ಕೆ ಅಕ್ಕನ ತಿಂಗಳ ಬೀಡಿ ಮಜೂರಿಗಿಂತ ಜಾಸ್ತಿ. ಅಕ್ಕ ಎಂದರೆ ದೊಡ್ಡಮ್ಮನ ಮಗಳು. ಆ ಮಜೂರಿಯೂ ಆಗ ನಿಂತಿತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿಯೇ ಸಂಸಾರ ತೂಗಿಸುವುದು. ಎಲೆ, ಹೊಗೆಸೊಪ್ಪು ಮಂಗಳೂರಿನಿಂದ ಬರಬೇಕು, ಕಟ್ಟಿದ ಬೀಡಿ ಅಲ್ಲಿಗೇ ಹೋಗಬೇಕು. ಬೀಡಿ ಕೊಡುವ ಬ್ರಾಂಚು ಬಾಗಿಲು ಹಾಕಿತು. ಅಕ್ಕ ಖಾಲಿ ತಡ್ಪೆಯನ್ನು (ಬೀಡಿ ಕಟ್ಟುವ ಮೊರ) ತೊಡೆಯ ಮೇಲೆ ಇಟ್ಟುಕೊಂಡು ಸುಮ್ನೆ ಜಗಲಿಯಲ್ಲಿ ಕೂರುತ್ತಿದ್ದಳು. ಕೈಗೆ ಬೇರೆ ಕೆಲಸ ಹೊಳೆಯುತ್ತಿರಲಿಲ್ಲ ಅವಳಿಗೆ. ಆ ವರ್ಷ ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನಕ್ಕೆ, ಎಷ್ಟೋ ಮೊದಲೇ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಮೇಳದಲ್ಲಿ ಚೆಂಡೆ ಬಾರಿಸುವ ನಮ್ಮ ಊರಿನವರೊಬ್ಬರು ತೋಟದ ಕೆಲಸಕ್ಕೆ ಹೋದರು. ಕೇರಳ ಸರಕಾರ ರೇಷನ್ ಅಂಗಡಿಯಲ್ಲಿ 17 ಸಾಮಾನಿನ ಕಿಟ್ ಕೊಟ್ಟಿತು. ಅದರಿಂದ ಒಲೆ ಉರಿಯಿತು, ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಕಿಟ್‌ನಲ್ಲಿ ಡಯಾಲಿಸಿಸ್ ಬರುವುದಿಲ್ಲವಲ್ಲ.

ಸಂಜೆ ಆರಕ್ಕೆ ಆಗ ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಟಿವಿಯಲ್ಲಿ ಮಾತಾಡುತ್ತಿದ್ದರು. ಊರಿಡೀ ಅದನ್ನು ಕೇಳುತ್ತಿತ್ತು, ಅರ್ಧಂಬರ್ಧ ಅರ್ಥವಾದರೂ. ಅದು ಮುಗಿದ ಕೂಡಲೇ ಕನ್ನಡ ಚಾನೆಲ್ ಹಾಕುತ್ತಿದ್ದೆವು. ಅಲ್ಲಿ ನಾವು 'ಕೇರಳದಿಂದ ನುಸುಳುವವರು'. ಚಿಕ್ಕಂದಿನಿಂದ ಕನ್ನಡ ಶಾಲೆ ಉಳಿಸಿ ಅಂತ ಮೆರವಣಿಗೆ ಹೋದವರು ನಾವು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಈ ಮಣ್ಣು ಕರ್ನಾಟಕಕ್ಕೆ ಸೇರಬೇಕು ಅಂತ ಬದುಕಿನುದ್ದ ಹೋರಾಡಿ 2015ರಲ್ಲಿ ತೀರಿಕೊಂಡರು. ಅವರ ಊರಾದ ಬದಿಯಡ್ಕದ ಜನರಿಗೂ ಮಂಗಳೂರಿನ ದಾರಿ ಬಂದ್ ಆಯಿತು. ಸಿಟ್ಟು ಬಂದದ್ದು ಅದಕ್ಕೆ. ಬರೀ ಸಿಟ್ಟಲ್ಲ, ಮನೆಯವರೇ ಬಾಗಿಲು ಹಾಕಿದಾಗ ಆಗುವಂಥ ನೋವು.

ಎಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡಿಸಬೇಕು ಅಂತ ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. 7ನೇ ತಾರೀಕಿಗೆ, ಎರಡೂ ರಾಜ್ಯ ಒಪ್ಪಿಕೊಂಡಿವೆ ಅಂತ ಕೇಂದ್ರ ತಿಳಿಸಿ ಕೇಸು ಮುಗಿಯಿತು. ಕೋವಿಡ್ ಇಲ್ಲ ಅಂತ ಡಾಕ್ಟರ ಸರ್ಟಿಫಿಕೇಟು ಇದ್ದರೆ, ತಲಪಾಡಿಯಲ್ಲಿ ತಪಾಸಣೆ ಮಾಡಿ ಬಿಡುವುದು. ಅಷ್ಟು ಹೊತ್ತಿಗೆ ಚಿಕಿತ್ಸೆ ಸಿಗದೆ ಹತ್ತಕ್ಕೂ ಜಾಸ್ತಿ ಮಂದಿ ತೀರಿಹೋಗಿದ್ದರು. ತಲಪಾಡಿಯಿಂದ ವಾಪಸು ಕಳಿಸಿದ ಗರ್ಭಿಣಿಯೊಬ್ಬಳಿಗೆ ಆಂಬುಲೆನ್ಸಿನಲ್ಲೇ ಹೆರಿಗೆ ಆಗಿತ್ತು.

ಈಗ ಇದೊಂದು ಲೆಕ್ಕ ನೋಡಿ. ಆ ಮೊದಲ ಸುತ್ತಿನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಕೊರೋನಾ ಬಂದದ್ದು 178 ಜನರಿಗೆ. ಮೇ 10ರ ಹೊತ್ತಿಗೆ ಎಲ್ಲರೂ ಗುಣವಾಗಿ ಮನೆಗೆ ಹೋದರು. ಒಬ್ಬರೂ ಸಾಯಲಿಲ್ಲ. ರೋಗದಿಂದ ಯಾರೂ ಸಾಯದ ಜಿಲ್ಲೆಯಲ್ಲಿ ರಸ್ತೆ ಮುಚ್ಚಿದ್ದರಿಂದ ಜನ ಸತ್ತರು. ನಾವು ಗೋಳಾಡಿದ್ದು ಯಾಕೆ ಅಂತ ಕೇಳಿದಿರಲ್ಲ, ಇದಕ್ಕೇ.

ಅಲ್ಲಿಗೇ ಮುಗಿಯಲೂ ಇಲ್ಲ. ಜೂನ್‌ನಲ್ಲಿ ಟಿವಿಯಲ್ಲಿ ಪಾಠ ಶುರುವಾದಾಗ ಅದು ಮಲಯಾಳದಲ್ಲಿತ್ತು, ಕನ್ನಡ ಮಾಧ್ಯಮದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. 2021ರ ಆಗಸ್ಟ್‌ನಲ್ಲಿ ಮತ್ತೆ ತಲಪಾಡಿ. ಎರಡು ಡೋಸ್ ಹಾಕಿಸಿಕೊಂಡಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಇಲ್ಲದೆ ದಾಟುವಂತಿಲ್ಲ. ತಂಗಿ ಮಂಗಳೂರಿನ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸು ಗಡಿಯವರೆಗೆ ಮಾತ್ರ. ಇಳಿದು, ನಡೆದು, ಆಚೆ ಇನ್ನೊಂದು ಬಸ್ಸು. ಪದೇ ಪದೇ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಮೂಗಿನಲ್ಲಿ ರಕ್ತ ಬಂದು ಒಂದು ದಿನ ಗಡಿಯಿಂದಲೇ ವಾಪಸು ಬಂದಳು. ಅವಳು ಆವತ್ತು ಅತ್ತದ್ದು ನೋವಿಗಲ್ಲ. ಅವಳ ಜೊತೆಗೆ ಕೂರುವವರು ಉಳ್ಳಾಲದಿಂದ ಸೀದಾ ಕ್ಲಾಸಿಗೆ ಹೋಗುತ್ತಿದ್ದರು. ಉಳ್ಳಾಲ ನಮಗೆ ಪಕ್ಕದೂರು. ಆ ನಿಯಮ ತೆಗೆದದ್ದು 2022ರ ಫೆಬ್ರವರಿಯಲ್ಲಿ.

ಈಗ ಹೇಗಿದೆ ಅಂತಲೂ ಕೇಳಿದ್ದೀರಿ. ಈಗ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತವೆ, ತಲಪಾಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಒಳದಾರಿಯ ಮಣ್ಣು ತೆಗೆದು ಬದಿಗೆ ತಳ್ಳಿದ್ದರಲ್ಲಿ ಗಿಡ ಹುಟ್ಟಿ ದಿನ್ನೆಯ ಹಾಗಾಗಿದೆ. ದೊಡ್ಡಮ್ಮ ಈಗಲೂ ಮಂಗಳವಾರ, ಶುಕ್ರವಾರ ಮಂಗಳೂರಿಗೆ ಹೋಗುತ್ತಾರೆ, ಹೆಚ್ಚಾಗಿ ನಾನೇ ಜೊತೆಗೆ ಹೋಗುವುದು. ಆ ಎಪ್ರಿಲ್‌ನ ಡಾಕ್ಟರ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಇನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾರೆ. ಅದು ಇನ್ನು ಬೇಡ ದೊಡ್ಡಮ್ಮ ಅಂದರೆ, "ಇರಲಿ ಮಗಾ, ಭಾರ ಏನಿಲ್ಲ" ಅನ್ನುತ್ತಾರೆ.